ಮಗಳಿಗೆ ‘ಪರ’ ಚೀಟಿ ಬಂದಿದೆ: ಅಣುಬಾಂಬ್ ಪರೀಕ್ಷೆ ಮತ್ತೆ ಬೇಕಾ?

ತೀರ್ಥಹಳ್ಳಿಯ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಫಸ್ಟ್ ಪಿಯು. ಮುಂದಿನ ವಾರ ಶಿವಮೊಗ್ಗದಲ್ಲಿ ಚರ್ಚಾ ಸ್ಪರ್ಧೆ ಇದೆ. ವಿಷಯ: ‘ಅಣ್ವಸ್ತ್ರ ಪರೀಕ್ಷೆಗಳು ಮತ್ತೆ ಶುರುವಾಗಬೇಕು’. 2025ರ ಅಕ್ಟೋಬರ್ 30ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ನಾವೂ ಪರೀಕ್ಷೆ ಶುರು ಮಾಡುತ್ತೇವೆ ಅಂದರಲ್ಲ, ಅಲ್ಲಿಂದ ಬಂದ ವಿಷಯ ಇದು. ಚೀಟಿ ಎತ್ತಿದಾಗ ಇವಳಿಗೆ ‘ಪರ’ ಬಂದಿದೆ. ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ನಂಬದೇ ಇರುವುದನ್ನು ಹೇಗಮ್ಮ ಹೇಳಲಿ ಅಂತಾಳೆ. ನನಗೆ ಗೊತ್ತಿರುವುದು 1998ರ ಪೋಖ್ರಾನ್ ಒಂದೇ, ಅದೂ ಪೇಟೆಯಲ್ಲಿ ಪಟಾಕಿ ಹೊಡೆದದ್ದು ಅಷ್ಟೇ ನೆನಪು. ತಿಳಿದವರು ಸ್ವಲ್ಪ ಹೇಳಿಕೊಡಿ.

ನಿವೃತ್ತ ಸುಬೇದಾರ್, ಶಿಕಾರಿಪುರ:
ತಂಗೀ, ಮಗಳಿಗೆ ಮೊದಲು ಊಟ ಮಾಡೋಕೆ ಹೇಳಿ. ಪರ ಮಾತಾಡೋಕೆ ಸುಳ್ಳು ಹೇಳಬೇಕಾಗಿಲ್ಲ. 1962ರಲ್ಲಿ ನಮಗೆ ಏನಾಯ್ತು ಅಂತ ಎಲ್ಲರಿಗೂ ಗೊತ್ತು. ಅದಾಗಿ ಎರಡೇ ವರ್ಷಕ್ಕೆ, 1964ರ ಅಕ್ಟೋಬರ್‌ನಲ್ಲಿ ಚೀನಾ ಲೋಪ್ ನೂರ್‌ನಲ್ಲಿ ಬಾಂಬ್ ಸಿಡಿಸಿತು. ನಾವು 1974ರವರೆಗೆ ಕಾದು ಮೊದಲ ಪರೀಕ್ಷೆ ಮಾಡಿದೆವು. ಆ ತಂಡವನ್ನು ಮುಂದೆ ನಿಂತು ನಡೆಸಿದ ವಿಜ್ಞಾನಿ ರಾಜಾ ರಾಮಣ್ಣ ನಮ್ಮ ತುಮಕೂರು ಕಡೆಯವರು. 1998ರ ಮೇ 11 ಮತ್ತು 13ರಂದು ಮತ್ತೆ ಮಾಡಿದೆವು. ಆ ಸಲದ ಹೈಡ್ರೋಜನ್ ಬಾಂಬ್ ಪೂರ್ತಿ ಫಲ ಕೊಡಲಿಲ್ಲ ಅಂತ 2009ರಲ್ಲಿ ವಿಜ್ಞಾನಿ ಕೆ. ಸಂತಾನಂ ಹೇಳಿದರು. ಅವರು ಹೊರಗಿನವರಲ್ಲ, ಪೋಖ್ರಾನ್ ಕೆಲಸದಲ್ಲೇ ಇದ್ದವರು. ಸರ್ಕಾರ ಒಪ್ಪಲಿಲ್ಲ. ಆದರೆ ಅನುಮಾನ ಉಳಿಯಿತು. ಕೈಯಲ್ಲಿರೋ ಬಂದೂಕು ಹಾರುತ್ತೋ ಇಲ್ಲವೋ ಗೊತ್ತಿಲ್ಲದೆ ಗಡಿಯಲ್ಲಿ ನಿಲ್ಲೋದು ಎಂಥದು ಅಂತ ನಿಂತವನಿಗೇ ಗೊತ್ತು.

ಭೌತಶಾಸ್ತ್ರ ಲೆಕ್ಚರರ್, ಶಿವಮೊಗ್ಗ:
ಸುಬೇದಾರ್ ಸರ್ ಹೇಳಿದ ಅನುಮಾನ ನಿಜ. ಆದರೆ ಲೆಕ್ಕ ಇನ್ನೊಂದು ಕಡೆಯಿಂದಲೂ ನೋಡಬೇಕು. ಅಮೆರಿಕ ಇದುವರೆಗೆ ಸಾವಿರಕ್ಕೂ ಜಾಸ್ತಿ ಪರೀಕ್ಷೆ ಮಾಡಿದೆ. ಚೀನಾ ಮಾಡಿದ್ದು 45. ಎಲ್ಲರೂ ಮತ್ತೆ ಶುರು ಮಾಡಿದರೆ ಹೊಸದಾಗಿ ಕಲಿಯುವುದು ಯಾರಿಗೆ ಜಾಸ್ತಿ ಇದೆ? ಚೀನಾಕ್ಕೆ. ಅದರ ಪಕ್ಕದಲ್ಲಿ ಇರುವವರು ನಾವು. 1998ರಲ್ಲಿ ನೋಡಿ, ನಮ್ಮದು ಮೇ 11ಕ್ಕೆ, ಪಾಕಿಸ್ತಾನ ಮೇ 28ಕ್ಕೆ ಚಾಗೈಯಲ್ಲಿ ಸಿಡಿಸಿತು. ಮೂರು ವಾರ ಕೂಡ ಆಗಿರಲಿಲ್ಲ. ನಾವು ಒಂದು ಹೆಜ್ಜೆ ಮುಂದೆ ಇಟ್ಟಾಗ ಪಕ್ಕದವರು ಸುಮ್ನೆ ಕೂರಲ್ಲ.

ಅಮೆರಿಕದ ಮಾತಿಗೆ ಬಂದರೆ, ಅವರ ಕೊನೆಯ ಪರೀಕ್ಷೆ 1992ರ ಸೆಪ್ಟೆಂಬರ್‌ನಲ್ಲಿ. ಟ್ರಂಪ್ ಮಾತಿನ ಮೇಲೆ ಅವರ ಇಂಧನ ಸಚಿವರೇ, ನಾವು ಮಾಡೋದು ಅಣುಸ್ಫೋಟ ಅಲ್ಲ, ಬಾಂಬಿನ ಉಳಿದ ಭಾಗಗಳ ಪರೀಕ್ಷೆ ಅಂತ ಹೇಳಿದರು. ಈ ಶತಮಾನದಲ್ಲಿ ನಿಜವಾಗಿ ಸಿಡಿಸಿದ್ದು ಉತ್ತರ ಕೊರಿಯಾ ಒಂದೇ, 2006ರಿಂದ 2017ರವರೆಗೆ ಆರು ಸಲ. ಎಲ್ಲ ಬಗೆಯ ಪರೀಕ್ಷೆ ನಿಲ್ಲಿಸುವ ಒಪ್ಪಂದ, ಸಿಟಿಬಿಟಿ, 1996ರಿಂದ ಸಹಿಗೆ ಕಾದಿದೆ, ಇನ್ನೂ ಜಾರಿಗೆ ಬಂದಿಲ್ಲ. ನಾವು ಸಹಿ ಹಾಕಿಲ್ಲ. ಅಮೆರಿಕ ಸಹಿ ಹಾಕಿಯೂ ಅವರ ಸೆನೆಟ್ 1999ರಲ್ಲಿ ತಳ್ಳಿಹಾಕಿತು. ರಷ್ಯಾ ಕೊಟ್ಟಿದ್ದ ಒಪ್ಪಿಗೆಯನ್ನು 2023ರಲ್ಲಿ ವಾಪಸ್ ತೆಗೆದುಕೊಂಡಿತು. ಹಾಗಿದ್ದೂ ಇಷ್ಟು ವರ್ಷ ಹೆಚ್ಚು ಕಡಿಮೆ ಎಲ್ಲರೂ ಕೈ ಕಟ್ಟಿ ಕೂತಿದ್ದಾರೆ. ಇದು ಸಣ್ಣ ಸಂಗತಿ ಅಲ್ಲ.

ಅಡಿಕೆ ತೋಟ, ಹೊಸನಗರ:
ಬೇಜಾರು ಮಾಡ್ಕೋಬೇಡಿ, ಮನಸ್ಸಿನಲ್ಲಿ ಇರೋದನ್ನ ಹೇಳ್ತೀನಿ. ಎಲೆಚುಕ್ಕಿ ರೋಗ ಬಂದು ತೋಟ ಅರ್ಧ ಹೋಗಿದೆ. ಕೊಳೆಗೆ ಔಷಧಿ ಹೊಡೆಯೋಕೆ ಮರ ಹತ್ತುವವರು ಸಿಕ್ಕಲ್ಲ. ಮಂಗ, ಕಾಡುಕೋಣದ ಕಾಟ ಬೇರೆ. ನಮ್ಮ ಮಕ್ಕಳಿಗೆ ಇದನ್ನೆಲ್ಲ ಬಿಟ್ಟು ಎಲ್ಲೋ ದೂರದ ಬಾಂಬಿನ ಬಗ್ಗೆ ಚರ್ಚೆ ಯಾಕೆ ಇಡ್ತಾರೆ? ಅದನ್ನು ತೀರ್ಮಾನ ಮಾಡೋರು ನಮ್ಮನ್ನ ಕೇಳ್ತಾರಾ?

ಮುಳುಗಡೆ ಮನೆಯವ, ಸಾಗರ:
ಕೇಳಲ್ಲ ಅಣ್ಣ. ಅದಕ್ಕೇ ಮಾತಾಡಬೇಕು.

1946ರಲ್ಲಿ ಅಮೆರಿಕದ ನೌಕಾಪಡೆಯ ಅಧಿಕಾರಿಯೊಬ್ಬರು ಪೆಸಿಫಿಕ್ ಸಾಗರದ ಬಿಕಿನಿ ಅನ್ನೋ ಸಣ್ಣ ದ್ವೀಪಕ್ಕೆ ಹೋದರು. ಒಂದು ಭಾನುವಾರ ಜನರನ್ನು ಸೇರಿಸಿ ಕೇಳಿದರು: ಇಡೀ ಮನುಷ್ಯ ಕುಲದ ಒಳ್ಳೆಯದಕ್ಕೆ, ಯುದ್ಧಗಳೇ ಇಲ್ಲದ ಹಾಗೆ ಮಾಡೋದಕ್ಕೆ, ಬಾಂಬ್ ಪರೀಕ್ಷೆಗೆ ಸ್ವಲ್ಪ ದಿನ ಈ ಜಾಗ ಬಿಟ್ಟುಕೊಡ್ತೀರಾ ಅಂತ. ಅಲ್ಲಿ ಇದ್ದವರು 167 ಜನ. ಹಡಗು ಹತ್ತಿದರು. ಕಳಿಸಿದ ಜಾಗದಲ್ಲಿ ತಿನ್ನೋಕೆ ಸಾಲದೆ ಹಸಿವಿನಲ್ಲಿ ಒದ್ದಾಡಿದರು. ಎರಡು ವರ್ಷಕ್ಕೆ ಅಲ್ಲಿಂದಲೂ ಎಬ್ಬಿಸಿ, ಕೊನೆಗೆ ಕಿಲಿ ಅನ್ನೋ ದ್ವೀಪಕ್ಕೆ ಹಾಕಿದರು. ಹುಟ್ಟಿದಾಗಿನಿಂದ ಶಾಂತ ನೀರಿನಲ್ಲಿ ಮೀನು ಹಿಡಿದವರು. ಕಿಲಿಯ ಸುತ್ತ ಅಂಥ ನೀರೇ ಇಲ್ಲ, ಬರೀ ಅಲೆ ಹೊಡೆಯೋ ಸಮುದ್ರ.

ಇದನ್ನು ಮೊದಲ ಸಲ ಓದಿದಾಗ ನನಗೆ ನಮ್ಮಜ್ಜಿಯೇ ಮಾತಾಡಿದ ಹಾಗೆ ಕೇಳಿಸಿತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಹಿನ್ನೀರಿನ ಅಡಿಗೆ ಹೋದ ಊರುಗಳಲ್ಲಿ ನಮ್ಮದೂ ಒಂದು. ನಾಡಿಗೆ ಬೆಳಕು ಬರುತ್ತೆ ಅಂದರು. ಬಂತು, ಸುಳ್ಳಲ್ಲ. ನಮ್ಮನ್ನು ಲಾರಿಯಲ್ಲಿ ತುಂಬಿದರು. ಅಜ್ಜಿ ಒರಳುಕಲ್ಲು ಬಿಡಲ್ಲ ಅಂತ ಹಟ ಹಿಡಿದಳಂತೆ. ಅಷ್ಟು ಭಾರದ ಕಲ್ಲಿಗೆ ಲಾರಿಯಲ್ಲಿ ಜಾಗ ಎಲ್ಲಿ? ಗುಂಡುಕಲ್ಲು ಮಾತ್ರ ಸೆರಗಲ್ಲಿ ಸುತ್ತಿಕೊಂಡು ಬಂದಳು. ಗುಂಡು ಬಂತು, ಒರಳು ನೀರೊಳಗೆ ಉಳಿಯಿತು. ಈಗಲೂ ಆ ಗುಂಡು ನಮ್ಮ ಹಿತ್ತಲ ಬಾಗಿಲಿಗೆ ಆನಿಕೊಂಡು ಕೂತಿದೆ. ಕೂತಿರುವ ಜಾಗದ ಹಕ್ಕುಪತ್ರ ಇವತ್ತಿಗೂ ನಮ್ಮ ಕೈಗೆ ಬಂದಿಲ್ಲ.

ಮಳೆ ಕಡಿಮೆಯಾದ ಒಂದು ವರ್ಷ ಹಿನ್ನೀರು ಪೂರ್ತಿ ಇಳಿದಿತ್ತು. ಅಪ್ಪ ನನ್ನನ್ನು ಕರೆದುಕೊಂಡು ಹೋದರು. ಬಿರುಕು ಬಿಟ್ಟ ಕೆಸರಲ್ಲಿ ನಡೆದು ನಡೆದು, ಮನೆ ಪಾಯದ ಕಲ್ಲು ಸಿಕ್ಕಿತು. ಒರಳೂ ಅಲ್ಲೇ ಇತ್ತು, ಸ್ವಲ್ಪ ವಾಲಿಕೊಂಡು. ಕುಳಿಯಲ್ಲಿ ನೀರು ನಿಂತಿತ್ತು, ಅದರೊಳಗೆ ಒಂದು ಸಣ್ಣ ಮೀನು. ಅಪ್ಪ ಅದರ ಪಕ್ಕ ಕೂತವರು ತುಂಬಾ ಹೊತ್ತು ಏಳಲಿಲ್ಲ.

ನಿವೃತ್ತ ಸುಬೇದಾರ್, ಶಿಕಾರಿಪುರ:
ತಮ್ಮಾ, ನಿನ್ನ ನೋವು ಅರ್ಥ ಆಗುತ್ತೆ. ನಮ್ಮ ಅತ್ತೆಯ ಮನೆಯವರೂ ಮುಳುಗಡೆಯವರೇ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ. ಅಣೆಕಟ್ಟು ಬೇರೆ, ಬಾಂಬ್ ಬೇರೆ. ಈಗ ಪರೀಕ್ಷೆ ಮಾಡಿದರೂ ನೆಲದೊಳಗೆ ಮಾಡ್ತಾರೆ. ಬೂದಿ ಹಾರೋ ಕಾಲ ಹೋಯಿತು.

ಭೌತಶಾಸ್ತ್ರ ಲೆಕ್ಚರರ್, ಶಿವಮೊಗ್ಗ:
ಆ ಕಾಲ ತಾನಾಗಿ ಹೋಗಲಿಲ್ಲ ಸರ್, ಜನ ಕೂಗಿ ಕೂಗಿ ಹೋಗಿಸಿದರು. 1954ರ ಮಾರ್ಚ್ 1ರಂದು ಬಿಕಿನಿಯಲ್ಲಿ ‘ಕ್ಯಾಸಲ್ ಬ್ರಾವೋ’ ಸಿಡಿಸಿದರು. ವಿಜ್ಞಾನಿಗಳ ಅಂದಾಜಿಗಿಂತ ಎರಡೂವರೆ ಪಟ್ಟು ಜೋರಾಗಿ ಸಿಡಿಯಿತು: 15 ಮೆಗಾಟನ್, ಹಿರೋಷಿಮಾದ ಬಾಂಬಿನ ಸಾವಿರ ಪಟ್ಟು. ಒಂದು ಬಗೆಯ ಲಿಥಿಯಂ ಸುಮ್ಮನಿರುತ್ತೆ ಅಂದುಕೊಂಡಿದ್ದರು, ಅದು ಸುಮ್ಮನಿರಲಿಲ್ಲ. ವಿಕಿರಣ ತುಂಬಿದ, ಪುಡಿಯಾದ ಹವಳದ ಬೂದಿ ರೊಂಗೆಲಾಪ್ ದ್ವೀಪದ ಮೇಲೆ ಬಿತ್ತು. ಏನೋ ಬಿಳಿ ಪುಡಿ ಅಂತ ಮಕ್ಕಳು ಅದರಲ್ಲಿ ಆಡಿದರು. ಅವರನ್ನು ಅಲ್ಲಿಂದ ಕರೆದೊಯ್ದದ್ದು ಎರಡು ದಿನ ಕಳೆದ ಮೇಲೆ. ಹತ್ತಿರದಲ್ಲೇ ಇದ್ದ ಜಪಾನಿನ ಮೀನುಗಾರರ ದೋಣಿಯಲ್ಲಿ 23 ಜನ ಇದ್ದರು. ಅವರಲ್ಲಿ ಒಬ್ಬರು ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಪರೀಕ್ಷೆ ನಿಲ್ಲಿಸಿ ಅಂತ ಮೊದಲು ಕೇಳಿದ ದೊಡ್ಡ ನಾಯಕರಲ್ಲಿ ನಮ್ಮ ನೆಹರೂ ಇದ್ದರು, ಅದೇ ಏಪ್ರಿಲ್‌ನಲ್ಲಿ. 1963ರಲ್ಲಿ ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಬೇಡ ಅನ್ನೋ ಒಪ್ಪಂದ ಆಯಿತು.

ನೆಲದೊಳಗೆ ಮಾಡಿದರೆ ಹೊರಗೆ ಬರೋದೇ ಇಲ್ಲ ಅಂತಲೂ ಹೇಳೋಕಾಗಲ್ಲ. 1970ರ ಡಿಸೆಂಬರ್‌ನಲ್ಲಿ ನೆವಾಡಾದಲ್ಲಿ ಬೇನ್‌ಬೆರಿ ಅನ್ನೋ ಪರೀಕ್ಷೆ ನೆಲ ಸೀಳಿಕೊಂಡು ಮೇಲೆ ಬಂತು.

ಮುಳುಗಡೆ ಮನೆಯವ, ಸಾಗರ:
ಸುಬೇದಾರ್ರೇ, ಅಣೆಕಟ್ಟು ಬೇರೆ ಅನ್ನೋದು ಒಪ್ಪಿದೆ. ನಾನು ಹೇಳ್ತಿರೋದು ಕೇಳುವ ರೀತಿಯ ಬಗ್ಗೆ. ಪರೀಕ್ಷೆ ಯಾವತ್ತೂ ರಾಜಧಾನಿಯ ಪಕ್ಕ ನಡೆಯಲ್ಲ. ಫ್ರಾನ್ಸ್ ಮಾಡಿದ್ದು ಅಲ್ಜೀರಿಯಾದ ಮರಳುಗಾಡಿನಲ್ಲಿ, ಆಮೇಲೆ ಪಾಲಿನೇಷ್ಯಾದಲ್ಲಿ. ಬ್ರಿಟನ್ ಮಾಡಿದ್ದು ಆಸ್ಟ್ರೇಲಿಯಾದ ಮೂಲ ನಿವಾಸಿಗಳ ಮರಲಿಂಗಾದಲ್ಲಿ. ಸೋವಿಯತ್‌ನವರು ಕಜಕಸ್ತಾನದ ಸೆಮಿಪಲಾಟಿನ್ಸ್ಕ್‌ನಲ್ಲಿ 456 ಸಲ. ಎಲ್ಲಿ ಜನ ಕಡಿಮೆ, ಎಲ್ಲಿ ಕೂಗಿದರೆ ಕೇಳಿಸಲ್ಲ, ಅಲ್ಲೇ. ಕಜಕ್ ಜನ ಮಾತ್ರ ಕೇಳಿಸುವ ಹಾಗೆ ಕೂಗಿದರು. 1989ರಲ್ಲಿ ಓಲ್ಜಾಸ್ ಸುಲೈಮೇನೋವ್ ಅನ್ನೋ ಕವಿ ಟಿವಿಯಲ್ಲಿ ಕವಿತೆ ಓದಬೇಕಿತ್ತು. ಕವಿತೆ ಪಕ್ಕಕ್ಕಿಟ್ಟು ಪರೀಕ್ಷೆ ನಿಲ್ಲಿಸಿ ಅಂತ ಜನರನ್ನು ಕರೆದರು. 1991ರ ಆಗಸ್ಟ್ 29ಕ್ಕೆ ಆ ಜಾಗವನ್ನೇ ಮುಚ್ಚಿದರು. ಪರೀಕ್ಷೆ ವಿರುದ್ಧದ ದಿನ ಅಂತ ವಿಶ್ವಸಂಸ್ಥೆ ಆಚರಿಸೋದು ಅದೇ ದಿನ.

ತೀರ್ಥಹಳ್ಳಿಯ ಅಮ್ಮ:
ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಒಂದೇ ಪ್ರಶ್ನೆ ಕೇಳ್ತಾಳೆ: ಬಿಕಿನಿಯವರು ವಾಪಸ್ ಹೋದರಾ?

ಭೌತಶಾಸ್ತ್ರ ಲೆಕ್ಚರರ್, ಶಿವಮೊಗ್ಗ:
ಹೋದರು ಮಗಳೇ. 1968ರಲ್ಲಿ ಇನ್ನೇನೂ ಭಯ ಇಲ್ಲ ಅಂದರು. 70ರ ದಶಕದಲ್ಲಿ ಕೆಲವು ಕುಟುಂಬ ಹೋಗಿ ಮನೆ ಮಾಡಿಕೊಂಡವು. ಹೊಸದಾಗಿ ತೆಂಗು ನೆಟ್ಟಿದ್ದರು. ಆ ತೆಂಗಿನಕಾಯಿಯಲ್ಲೇ ವಿಕಿರಣ ಸೂಸುವ ಸೀಸಿಯಂ-137 ಸೇರಿಕೊಂಡಿತ್ತು. ತಿಂದವರ ಮೈಯಲ್ಲಿ ಅದು ಏರುತ್ತಾ ಹೋಯಿತು. 1978ರಲ್ಲಿ ಮತ್ತೆ ಎಲ್ಲರನ್ನೂ ಎಬ್ಬಿಸಿದರು. ಸೀಸಿಯಂ ಅರ್ಧಕ್ಕೆ ಇಳಿಯೋಕೆ ಸುಮಾರು 30 ವರ್ಷ ಬೇಕು. ಗಿಡಕ್ಕೆ ಅದೂ ಪೊಟ್ಯಾಷೂ ಒಂದೇ ಥರ ಕಾಣುತ್ತೆ. ಹವಳದ ಮಣ್ಣಿನಲ್ಲಿ ಪೊಟ್ಯಾಷ್ ತೀರಾ ಕಡಿಮೆ. ಹಾಗಾಗಿ ಬೇರು ಸೀಸಿಯಂ ಅನ್ನೇ ಎಳೆದುಕೊಳ್ಳುತ್ತೆ.

ಅಡಿಕೆ ತೋಟ, ಹೊಸನಗರ:
ಒಂದು ನಿಮಿಷ ಸರ್. ಹಾಗಾದರೆ ಬುಡಕ್ಕೆ ಪೊಟ್ಯಾಷ್ ಕೊಟ್ಟರೆ?

ಭೌತಶಾಸ್ತ್ರ ಲೆಕ್ಚರರ್, ಶಿವಮೊಗ್ಗ:
ಅದನ್ನೇ ಮಾಡಿದರು ಸರ್! ವಿಜ್ಞಾನಿಗಳು ತೆಂಗಿನ ಬುಡಕ್ಕೆ ಪೊಟ್ಯಾಷ್ ಹಾಕಿ ನೋಡಿದರು. ಕಾಯಿಯಲ್ಲಿ ಸೀಸಿಯಂ ಬಹಳ ಇಳಿಯಿತು. ಆದರೂ ಊರು ಮತ್ತೆ ಊರಾಗಲಿಲ್ಲ. ಈಗಿನವರಲ್ಲಿ ಹೆಚ್ಚಿನವರು ಹುಟ್ಟಿದ್ದೇ ಬೇರೆ ಕಡೆ.

ಅಡಿಕೆ ತೋಟ, ಹೊಸನಗರ:
ಮಳೆಗಾಲ ಮುಗಿದ ಮೇಲೆ ಪ್ರತಿ ಮರದ ಬುಡ ಬಿಡಿಸಿ ಪೊಟ್ಯಾಷ್ ಹಾಕ್ತೀನಿ, ಗೊನೆ ಚೆನ್ನಾಗಿ ಕಟ್ಟಲಿ ಅಂತ. ಅದೇ ಗೊಬ್ಬರವನ್ನು ಇನ್ನೊಬ್ಬರ ಮಕ್ಕಳ ಮೈಗೆ ವಿಷ ಸೇರದಿರಲಿ ಅಂತ ಹಾಕಬೇಕಾಯ್ತಲ್ಲ. ನಮಗ್ಯಾಕೆ ಅಂದಿದ್ದೆ. ಆ ಮಾತು ವಾಪಸ್ ತಗೋತೀನಿ.

ನಿವೃತ್ತ ಸುಬೇದಾರ್, ಶಿಕಾರಿಪುರ:
ನಾನು ನನ್ನ ಮಾತು ಬಿಡಲ್ಲ. ದೇಶ ಬಲವಾಗಿರಬೇಕು. ಆದರೆ ಮಗಳೇ, ಒಂದು ಕೆಲಸ ಮಾಡು. ಪರ ಮಾತಾಡುವಾಗಲೇ ಬಿಕಿನಿ ಹೆಸರು ಹೇಳು. 167 ಜನ ಅಂತ ಹೇಳು. ಪರೀಕ್ಷೆ ಬೇಕು ಅನ್ನುವವರು ಅದು ಯಾರ ಅಂಗಳದಲ್ಲಿ, ಅವರ ಒಪ್ಪಿಗೆ ಇದೆಯಾ, ಆಮೇಲೆ ಅವರನ್ನು ನೋಡಿಕೊಳ್ಳೋರು ಯಾರು ಅಂತ ಮೊದಲು ಉತ್ತರ ಕೊಡಬೇಕು ಅನ್ನು. ಬಹುಮಾನ ಬರದಿದ್ದರೆ ಬೇಡ. ನಾನು ಬಂದು ಮುಂದಿನ ಸಾಲಿನಲ್ಲಿ ಕೂರ್ತೀನಿ.

ತೀರ್ಥಹಳ್ಳಿಯ ಅಮ್ಮ:
ದೊಡ್ಡ ಉಪಕಾರ ಆಯ್ತು ಅಣ್ಣ. ಇವಳು ಈಗ ಪೆನ್ನು ಹಿಡಿದು ಕೂತಿದ್ದಾಳೆ. ತಟ್ಟೆಯೂ ಖಾಲಿ ಆಗಿದೆ. ಸಾಗರದ ಅಣ್ಣನಿಗೆ ಒಂದು ಮಾತು ಕೇಳು ಅಂತಿದ್ದಾಳೆ. ಆ ಒರಳುಕಲ್ಲು ಈಗಲೂ ಅಲ್ಲೇ ಇದೆಯಾ? ನೋಡೋಕೆ ಆಗುತ್ತಾ?

ಮುಳುಗಡೆ ಮನೆಯವ, ಸಾಗರ:
ಅಲ್ಲೇ ಇದೆ ಪುಟ್ಟಿ, ಎಲ್ಲಿಗೆ ಹೋಗುತ್ತೆ? ಎಲ್ಲ ವರ್ಷ ಕಾಣಲ್ಲ. ಈ ಬೇಸಿಗೆ ನೀರು ಇಳಿದರೆ ಅಮ್ಮನಿಗೆ ತಿಳಿಸ್ತೀನಿ. ಬೆಳಗ್ಗೆ ಬೇಗ ಬನ್ನಿ, ಬಿಸಿಲು ಏರಿದರೆ ನಡೆಯೋಕಾಗಲ್ಲ. ಚಪ್ಪಲಿ ಕೆಸರಲ್ಲಿ ಹೂತು ಹೋಗುತ್ತೆ, ದಡದಲ್ಲೇ ಬಿಟ್ಟು ಬರಿಗಾಲಲ್ಲಿ ಬಾ. ಗುಂಡುಕಲ್ಲು ನಾನು ತರ್ತೀನಿ.