ಒದ್ದರೂ ಕದಲದ ಅದೃಷ್ಟ

ಆಷಾಢದ ಮಳೆ ಹಿಡಿದ ಸಂಜೆ, ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಮೊಬೈಲಿನೊಂದಿಗೆ ಇಸ್ಪೀಟು ಆಡುತ್ತಿದ್ದ ಶೀನಣ್ಣ ಏಳನೆಯ ಸಲ ಸೋತು, ಯಂತ್ರಕ್ಕೆ ತನ್ನ ಮೇಲೆ ದ್ವೇಷವಿದೆ ಎಂದು ಸಾರಿದ.

“ದ್ವೇಷಕ್ಕೆ ಮನಸ್ಸು ಬೇಕಲ್ಲ ಮಾರಾಯ,” ಎಂದರು ನಿವೃತ್ತ ಗಣಿತದ ಮೇಷ್ಟ್ರು, ಅಡಿಕೆ ಹೋಳನ್ನು ದವಡೆಗೆ ಸರಿಸುತ್ತ. “ಲೆಕ್ಕಕ್ಕೆ ಎಲೆ ಕಲಸುವುದೇ ಬರುವುದಿಲ್ಲ, ಕಲಸಿದಂತೆ ನಟಿಸುವುದು ಮಾತ್ರ ಬರುತ್ತದೆ.”

ಗಣಿತಜ್ಞ ವಾನ್ ನ್ಯೂಮನ್ ಸೂಚಿಸಿದ ಹಳೆಯ ಉಪಾಯವೊಂದನ್ನು ಅವರು ವಿವರಿಸಿದರು. ನಾಲ್ಕು ಅಂಕಿಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದ ಎಂಟು ಅಂಕಿಗಳಲ್ಲಿ (ಏಳೇ ಬಂದರೆ ಮುಂದೊಂದು ಸೊನ್ನೆ ಸೇರಿಸಿ) ನಡುವಿನ ನಾಲ್ಕನ್ನು ತೆಗೆದುಕೊಂಡು ಮತ್ತೆ ಗುಣಿಸುತ್ತ ಹೋಗಬೇಕು. 1234 ಎಂಬ ಬೀಜದಿಂದ 5227 ಹುಟ್ಟುತ್ತದೆ, ಅದರಿಂದ 3215. ಬೀಜ ತಿಳಿಯದವನ ಕಣ್ಣಿಗೆ ಎಲ್ಲವೂ ಆಕಸ್ಮಿಕ. ಅದೃಷ್ಟವೆಂಬ ಮಾತಿಗೆ ‘ಕಾಣದ್ದು’ ಎಂದೇ ಅರ್ಥವಲ್ಲವೇ?

ಅಡಿಕೆ ಮಂಡಿಯಲ್ಲಿ ಬಾಳು ಸವೆಸಿದ ಶೀನಣ್ಣ ಯಾರ ಲೆಕ್ಕವನ್ನೂ ಪರೀಕ್ಷಿಸದೆ ನಂಬುವವನಲ್ಲ. ಲಗ್ನಪತ್ರಿಕೆಯೊಂದರ ಬೆನ್ನ ಮೇಲೆ ತನ್ನ ಸ್ಕೂಟರಿನ ಸಂಖ್ಯೆಯಾದ 7600 ಬರೆದು ಗುಣಿಸಿದ. 57760000 ಬಂತು. ನಡುವಿನ ನಾಲ್ಕು ಅಂಕಿ ಪುನಃ 7600.

“ನನ್ನ ಸ್ಕೂಟರಿನ ಗುಣವೇ ಬಂದಿದೆ ಮೇಷ್ಟ್ರೇ, ಎಷ್ಟು ಒದ್ದರೂ ಕದಲುವುದಿಲ್ಲ.”

ಲೆಕ್ಕದಿಂದ ಆಕಸ್ಮಿಕವನ್ನು ಹುಟ್ಟಿಸಹೊರಟವನು ಪಾಪದಲ್ಲಿದ್ದಾನೆ ಎಂದು ವಾನ್ ನ್ಯೂಮನ್ನನೇ 1951ರಲ್ಲಿ ಬರೆದಿದ್ದನೆಂದು ಮೇಷ್ಟ್ರು ಒಪ್ಪಿಕೊಂಡರು. ಅದೇ ವರ್ಷ ಮ್ಯಾಂಚೆಸ್ಟರಿಗೆ ಬಂದ ಫೆರಾಂಟಿ ಮಾರ್ಕ್ 1 ಎಂಬ ಗಣಕಯಂತ್ರದಲ್ಲಿ, ಗಣಿತಜ್ಞ ಟ್ಯೂರಿಂಗನ ಸಲಹೆಯಂತೆ, ಆಕಸ್ಮಿಕ ಅಂಕಿಗಳನ್ನು ಲೆಕ್ಕದಿಂದಲ್ಲದೆ ವಿದ್ಯುತ್ತಿನ ಗದ್ದಲದಿಂದ ಪಡೆಯುವ ಏರ್ಪಾಡಿತ್ತಂತೆ.

“ಗದ್ದಲ ಬೆರೆಸಿದರೆ ಮನಸ್ಸೂ ಬರುತ್ತದೆಯೇ?” ಎಂದು ನಾನು ಕೇಳಿದೆ.

“ಹಾಗಿದ್ದರೆ ನಮ್ಮ ಅಜ್ಜಿಯ ಕವಡೆಗಳಿಗೆ ಎಂದೋ ಜ್ಞಾನೋದಯವಾಗಬೇಕಿತ್ತು,” ಎಂದ ಶೀನಣ್ಣ.

ಅವನ ಮಾತಿನಿಂದಲೇ ನನಗೊಂದು ಎಳೆ ಸಿಕ್ಕಿತು. ಬೀಜ ಗೊತ್ತಾದೊಡನೆ ಲೆಕ್ಕದ ಆಕಸ್ಮಿಕ ಸತ್ತುಹೋಗುತ್ತದೆ. ಆದರೆ ನನ್ನ ಹಲ್ಲುನೋವಿನ ಹಿಂದಿರುವ ನರಗಳ ಲೆಕ್ಕವೆಲ್ಲ ಡಾಕ್ಟರಿಗೆ ಗೊತ್ತಾದ ಮಾತ್ರಕ್ಕೆ ನೋವು ಸಾಯುವುದಿಲ್ಲ. ಆಕಸ್ಮಿಕಕ್ಕೆ ತಿಳಿಯದವನೊಬ್ಬ ಬೇಕು, ನೋವಿಗೆ ಅನುಭವಿಸುವವನೇ ಸಾಕು; ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು, ಸ್ವಲ್ಪ ಗರ್ವದಿಂದಲೇ, ವಾದಿಸಿದೆ.

“ತೂಗಬೇಡ,” ಎಂದರು ಮೇಷ್ಟ್ರು. “ಆದರೆ ನೋವು ಲೆಕ್ಕದಿಂದ ಹುಟ್ಟಲಿಲ್ಲ ಎಂಬುದು ಇದರಿಂದ ಸಿದ್ಧವಾಗುವುದಿಲ್ಲ. ಬೇರೆಯವರ ಅಜ್ಞಾನದ ಮೇಲೆ ಅದು ನಿಂತಿಲ್ಲ ಎಂಬುದಷ್ಟೇ ಸಿದ್ಧವಾಯಿತು.”

ಉತ್ತರ ಹುಡುಕುತ್ತ ತಲೆ ತಗ್ಗಿಸಿದಾಗ ಶೀನಣ್ಣನ ಹಿಮ್ಮಡಿಯಿಂದ ನೆಲದ ಮೇಲೆ ರಕ್ತ ಹರಿದಿರುವುದು ಕಾಣಿಸಿತು. ಉಂಬಳವೊಂದು ಹೊಟ್ಟೆ ತುಂಬ ಕುಡಿದು ಉದುರಿತ್ತು. ಅದರ ಜೊಲ್ಲಿನ ಮಹಿಮೆಯಿಂದ ರಕ್ತ ಹೆಪ್ಪುಗಟ್ಟಿರಲಿಲ್ಲ.

“ಇಷ್ಟು ಹೊತ್ತು ನಿನ್ನ ಪ್ರಜ್ಞೆ ಎಲ್ಲಿತ್ತೋ?” ಎಂದು ನಕ್ಕೆ.

“ಎಂಟನೆಯ ಆಟದಲ್ಲಿ,” ಎನ್ನುತ್ತ ಶೀನಣ್ಣ ಎಲೆತಟ್ಟೆಯ ಸುಣ್ಣಕ್ಕೆ ಕೈ ಚಾಚಿದ. ಮೇಷ್ಟ್ರು ಮಾತನಾಡದೆ ತಮ್ಮ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಎಣಿಸತೊಡಗಿದರು.