ಚುನಾವಣೆಗೆ ಮುಂಚೆ ಅಧ್ಯಾಪಕರ ಚರ್ಚೆ: ಯಾವ ವಿಷಯ ಇಡಬೇಕು, ಯಾವುದು ಬಿಡಬೇಕು?

ಮೂರನೇಮಹಡಿ:
ದೇಶದ ಚುನಾವಣೆಗೆ ಇನ್ನು ಆರು ವಾರ ಇದೆ. ನಮ್ಮ ವಿಶ್ವವಿದ್ಯಾಲಯದ ಅಧ್ಯಾಪಕರೇ ಸೇರಿ ವಿದ್ಯಾರ್ಥಿಗಳ ಮುಂದೆ ಒಂದು ಚರ್ಚೆ ನಡೆಸಬೇಕು ಅಂತ ತೀರ್ಮಾನ ಆಗಿದೆ, ಅದನ್ನು ಏರ್ಪಡಿಸುವ ಕೆಲಸ ನನ್ನ ತಲೆಗೆ ಬಂದಿದೆ. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಕಾನೂನು, ಸಂಖ್ಯಾಶಾಸ್ತ್ರ, ಪರಿಸರ ವಿಜ್ಞಾನದಿಂದ ಒಬ್ಬೊಬ್ಬರು ಬರುತ್ತಾರೆ. ಇರುವುದು ಎರಡೇ ಗಂಟೆ. ಮೊದಲ ಮೀಟಿಂಗಿನಲ್ಲೇ ವಿಷಯಗಳ ಪಟ್ಟಿ ಹದಿನಾಲ್ಕಕ್ಕೆ ಹೋಯಿತು, ಯಾರದ್ದನ್ನು ತೆಗೆದರೂ ಅವರಿಗೆ ಬೇಜಾರು. ಯಾವ ವಿಷಯ ಇಟ್ಟರೂ ಒಂದು ಪಕ್ಷಕ್ಕೆ ಅನುಕೂಲ ಆಗುತ್ತದೆ ಅಂತ ಒಬ್ಬರು, ಎಲ್ಲರಿಗೂ ಹೆದರಿಕೊಂಡು ಕೂತರೆ ಚರ್ಚೆ ಯಾಕೆ ಅಂತ ಇನ್ನೊಬ್ಬರು. ಇಂಥದ್ದನ್ನು ನಡೆಸಿದವರು ಇದ್ದರೆ ದಯವಿಟ್ಟು ಹೇಳಿ.

ಹಳೇಮೇಷ್ಟ್ರು:
ನಾನು ರಾಜ್ಯಶಾಸ್ತ್ರದವನು. ಆ ಮೊದಲನೆಯವರು ಸುಮ್ನೆ ತಗಾದೆ ತೆಗೆಯುತ್ತಿಲ್ಲ, ಅವರ ಮಾತಿನಲ್ಲಿ ಹುರುಳಿದೆ. 1968ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಹೊತ್ತಿಗೆ ಮೆಕಾಂಬ್ಸ್ ಮತ್ತು ಶಾ ಅನ್ನುವ ಇಬ್ಬರು ಅಧ್ಯಾಪಕರು ಚಾಪೆಲ್ ಹಿಲ್‌ನಲ್ಲಿ ಇನ್ನೂ ಮನಸ್ಸು ಮಾಡದಿದ್ದ 100 ಮತದಾರರನ್ನು ಮಾತಾಡಿಸಿದರು. ಅವರು ಮುಖ್ಯ ಅಂದ ವಿಷಯಗಳ ಕ್ರಮವೂ ಪತ್ರಿಕೆ, ಟಿವಿ ಒತ್ತಿ ಹೇಳುತ್ತಿದ್ದ ವಿಷಯಗಳ ಕ್ರಮವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಂದರೆ ವಿಷಯ ಆರಿಸುವವರ ಕೈಯಲ್ಲಿ ದೊಡ್ಡ ಅಧಿಕಾರ ಇರುತ್ತದೆ. ಐದು ಜನ ಅಧ್ಯಾಪಕರು ಒಂದು ಕೋಣೆಯಲ್ಲಿ ಕೂತು ಪಟ್ಟಿ ಮಾಡಿದರೆ ಅದು ಆ ಐವರ ಪಟ್ಟಿ, ಮತದಾರರದ್ದಲ್ಲ.

ಇನ್ನು ಪಕ್ಷಪಾತದ ಭಯ. ಶಿಕಾಗೊ ವಿಶ್ವವಿದ್ಯಾಲಯದ 1967ರ ಕಾಲ್ವೆನ್ ವರದಿ ಇಲ್ಲಿ ಒಂದು ಗೆರೆ ಎಳೆಯುತ್ತದೆ: ಸಂಸ್ಥೆಯಾಗಿ ವಿಶ್ವವಿದ್ಯಾಲಯ ಒಂದು ಕಡೆ ನಿಲ್ಲಬಾರದು, ಆದರೆ ಅದರೊಳಗಿನ ಅಧ್ಯಾಪಕ, ವಿದ್ಯಾರ್ಥಿ ತಮ್ಮ ಮಾತು ಆಡಬಹುದು. ಎಲ್ಲರೂ ಇದನ್ನು ಒಪ್ಪುವುದಿಲ್ಲ, ಸುಮ್ಮನಿರುವುದೂ ಒಂದು ಪಕ್ಷವೇ ಅನ್ನುವವರಿದ್ದಾರೆ. ನನಗಂತೂ ಕೆಲಸಕ್ಕೆ ಬರುವ ಗೆರೆ ಅನಿಸುತ್ತದೆ. ಅಂದ ಹಾಗೆ, ಸರ್ಕಾರಿ ಸಂಬಳದ ಅಧ್ಯಾಪಕರಿಗೆ ಕೆಲವು ಕಡೆ ಬೇರೆ ನಿಯಮ ಇರುತ್ತದೆ, ಮೊದಲೇ ಕುಲಸಚಿವರ ಕಚೇರಿಯಲ್ಲಿ ಕೇಳಿಬಿಡಿ.

ಸರಾಸರಿ_ಮನುಷ್ಯ:
ವಿಷಯ ಯಾವುದಾದರೂ ಇರಲಿ ಮೇಡಂ, ಅದರ ಹಿಂದಿನ ಲೆಕ್ಕವನ್ನು ಬಿಡಿಸಿ ಹೇಳಿಸಿ. ಬೆಲೆ ಏರಿಕೆ ತಗೊಳ್ಳಿ. ಹಣದುಬ್ಬರ 10%ರಿಂದ 4%ಗೆ ಇಳಿಯಿತು ಅಂತ ಆಳುವ ಪಕ್ಷ ಹೇಳುತ್ತದೆ, ಎಲ್ಲಿ ಇಳಿಯಿತು ಅಂತ ಜನ ಕೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ! 100 ಇದ್ದ ಬೆಲೆ 110 ಆಗಿ, ಮಾರನೇ ವರ್ಷ 114.40 ಆಯಿತು, ಅಷ್ಟೇ. ಇಳಿದದ್ದು ಏರುವ ವೇಗ, ಬೆಲೆಯಲ್ಲ. ನಿರುದ್ಯೋಗದ ಕಥೆಯೂ ಹೀಗೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಳತೆಯಲ್ಲಿ ವಾರಕ್ಕೆ ಒಂದು ಗಂಟೆ ಕೂಲಿಗೆ ದುಡಿದವರೂ ಕೆಲಸ ಇರುವವರೇ, ಹುಡುಕಿ ಹುಡುಕಿ ಸಾಕಾಗಿ ಕೈಬಿಟ್ಟವರು ನಿರುದ್ಯೋಗಿಗಳ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಜನ ಬೇಸತ್ತು ಕೂತಾಗಲೂ ಆ ಅಂಕಿ ಇಳಿಯಬಹುದು. ಇದನ್ನು ಹೇಳಿದರೆ ಯಾವ ಪಕ್ಷದ ಪರ ಆಯಿತು ಹೇಳಿ?

ಸಮೀಕ್ಷೆಗಳ ಬಗ್ಗೆಯೂ ಹತ್ತು ನಿಮಿಷ ಇಡಿ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ ಅಂತ ಲಿಟರರಿ ಡೈಜೆಸ್ಟ್ ಪತ್ರಿಕೆ ಮಾಡಿದ ಸಮೀಕ್ಷೆಗೆ 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂದಿತ್ತು, ಆದರೂ ಪತ್ರಿಕೆ ಲ್ಯಾಂಡನ್ ಗೆಲ್ಲುತ್ತಾರೆ ಅಂದುಬಿಟ್ಟಿತು. ಅವರ ಎದುರಾಳಿ ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ಫೋನು, ಕಾರು ಇದ್ದವರ ಪಟ್ಟಿ ಹಿಡಿದು ಚೀಟಿ ಕಳಿಸಿದ್ದರು, ಉತ್ತರ ಬರೆದವರೂ ಒಂದೇ ಥರದವರು.

ಕೊನೇಬೆಂಚು:
ನಾನು ವಿದ್ಯಾರ್ಥಿ, ಕೋಪ ಮಾಡಿಕೊಳ್ಳಬೇಡಿ. ಕಳೆದ ಸಲ ನಮ್ಮಲ್ಲೂ ಇಂಥದ್ದೇ ಆಯಿತು. ಒಬ್ಬೊಬ್ಬರು ಇಪ್ಪತ್ತು ನಿಮಿಷ ಅಂತ ಶುರು ಮಾಡಿ ಅರ್ಧ ಗಂಟೆ ಮಾತಾಡಿದರು, ಪ್ರಶ್ನೆಗೆ ಉಳಿದದ್ದು ಏಳು ನಿಮಿಷ, ಅದರಲ್ಲಿ ಮೊದಲ ಪ್ರಶ್ನೆ ಕೇಳಿದ್ದೂ ಒಬ್ಬ ಪ್ರೊಫೆಸರೇ. ನಮಗೆ ಬೇಕಿದ್ದದ್ದು ಒಂದೇ: ಓದು ಮುಗಿಸಿದ ಮೇಲೆ ಕೆಲಸ ಸಿಗುತ್ತದಾ, ಶಿಕ್ಷಣ ಸಾಲ ತೀರಿಸುವುದು ಹೇಗೆ, ಇದಕ್ಕೆ ಯಾವ ಪ್ರಣಾಳಿಕೆಯಲ್ಲಿ ಏನು ಬರೆದಿದ್ದಾರೆ, ಅದಕ್ಕೆ ದುಡ್ಡು ಎಲ್ಲಿಂದ ತರುತ್ತಾರೆ. ಯಾರೂ ಅದರ ಹತ್ತಿರವೂ ಬರಲಿಲ್ಲ. ಒಂದು ವಾರ ಮೊದಲು ಚೀಟಿಯಲ್ಲಿ ನಮ್ಮ ಪ್ರಶ್ನೆ ಬರೆಸಿಕೊಳ್ಳಿ, ಹೆಸರು ಬೇಡ.

ಹಳೇಮೇಷ್ಟ್ರು:
ಈ ಹುಡುಗ ಹೇಳಿದ್ದು ನನ್ನ ಉತ್ತರಕ್ಕಿಂತ ಚೆನ್ನಾಗಿದೆ. ಚೀಟಿ ಗ್ರಂಥಾಲಯದಲ್ಲೂ ಹಾಸ್ಟೆಲಿನಲ್ಲೂ ಇಡಿ. ಬರೀ ನಿಮ್ಮ ವಿಭಾಗದಲ್ಲಿ ಇಟ್ಟರೆ ಮತ್ತೆ ಆ ಪತ್ರಿಕೆಯ ಕಥೆಯೇ.

ಮೂರನೇಮಹಡಿ:
ಎಲ್ಲರಿಗೂ ಥ್ಯಾಂಕ್ಸ್. ಕೊನೇಬೆಂಚು, ಹುಡುಗನೋ ಹುಡುಗಿಯೋ ಗೊತ್ತಿಲ್ಲ, ನಿಮ್ಮದೇ ದಾರಿ ಹಿಡಿಯುತ್ತೇನೆ. ಚೀಟಿಯಲ್ಲಿ ಜಾಸ್ತಿ ಬಂದ ನಾಲ್ಕು ವಿಷಯ, ಒಬ್ಬರಿಗೆ ಹತ್ತೇ ನಿಮಿಷ, ಉಳಿದ ಹೊತ್ತೆಲ್ಲ ಪ್ರಶ್ನೆಗೆ. ಅರ್ಥಶಾಸ್ತ್ರದ ಸಾರ್‌ಗೆ ಹತ್ತು ನಿಮಿಷ ಅಂತ ಯಾರು ಹೇಳುವುದು, ಅದೊಂದು ಮಾತ್ರ ಬಾಕಿ ಇದೆ.

ಕೊನೇಬೆಂಚು:
ಹುಡುಗಿ ಮೇಡಂ. ಗಂಟೆ ಬಾರಿಸುವ ಕೆಲಸ ನನಗೆ ಕೊಡಿ.