ಹೋಂಸ್ಟೇ ಸೈಟು ಘಾಟಿ ಹತ್ತಿರದ ನೆಟ್‌ವರ್ಕಿನಲ್ಲೂ ತೆರೀಬೇಕು: ಪ್ರಶ್ನೋತ್ತರ

ಪ್ರಶ್ನೆ: ತೀರ್ಥಹಳ್ಳಿ, ಆಗುಂಬೆ ಕಡೆಯ ಹೋಂಸ್ಟೇಗಳಿಗೆ ವರ್ಡ್‌ಪ್ರೆಸ್‌ನಲ್ಲಿ ಸೈಟ್ ಮಾಡಿಕೊಡ್ತೀನಿ ಸರ್. ಶಿವಮೊಗ್ಗದ ವೈಫೈಯಲ್ಲಿ ಥಟ್ಟಂತ ತೆರೆಯುತ್ತೆ, ಘಾಟಿ ಹತ್ತಿರ ಮೊಬೈಲಲ್ಲಿ ಮೇಲಿನ ಫೋಟೋ ಬರೋಕೇ ಅರ್ಧ ನಿಮಿಷ. ಇನ್ನೊಂದು, ಮಾಲೀಕರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿ ಕೊಟ್ಟ ಕನ್ನಡ ಸೈಟಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಆಗುತ್ತೆ.

ಉತ್ತರ: ಫೋಟೋದ ತೂಕ ನೋಡಿ ಮೊದಲು. ಮೊಬೈಲಲ್ಲಿ ತೆಗೆದದ್ದನ್ನು ಹಾಗೇ ಏರಿಸಿದರೆ ಒಂದೊಂದು 5 ಎಂಬಿ. 1 ಎಂಬಿಪಿಎಸ್ (ಸೆಕೆಂಡಿಗೆ ಒಂದು ಮೆಗಾಬಿಟ್, ಅಂದರೆ ಒಂದು ಎಂಬಿಯ ಎಂಟನೇ ಒಂದು ಭಾಗ) ಸಿಗುವ ಕಡೆ ಅದು ಇಳಿಯೋಕೆ 40 ಸೆಕೆಂಡ್ ಬೇಕು. ಅಗಲ 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ (ವೆಬ್ಬಿಗೆಂದೇ ಇರುವ ಹಗುರ ಫೋಟೋ ಮಾದರಿ) ಮಾಡಿ, ಗುಣಮಟ್ಟ 75 ಇಡಿ. 200 ಕೆಬಿ ಆಸುಪಾಸಿಗೆ ಬಂದರೆ ಅದೇ ಫೋಟೋ ಎರಡು ಸೆಕೆಂಡಿನೊಳಗೆ ಬರುತ್ತೆ. ಗ್ಯಾಲರಿಗೆ ಲೇಜಿ ಲೋಡಿಂಗ್ (ನೋಡುವವರು ಅಲ್ಲಿಗೆ ಬಂದಾಗಲೇ ಫೋಟೋ ಇಳಿಯೋದು) ಇರಲಿ, ಮೇಲಿನ ಮೊದಲ ಫೋಟೋಕ್ಕೆ ಬೇಡವೇ ಬೇಡ. ಹಾಕಿದರೆ ಅದು ಇನ್ನೂ ತಡ. ಮಾಲೀಕರು ವಾಟ್ಸಾಪಲ್ಲಿ ಕಳಿಸೋದಾದರೆ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ, ಇಲ್ಲದಿದ್ದರೆ ಕುಗ್ಗಿ ಮಸುಕಾಗಿರುತ್ತೆ. ಗೂಗಲ್ ಮ್ಯಾಪನ್ನು ಪುಟದೊಳಗೆ ಕೂರಿಸುವ ಬದಲು ‘ದಾರಿ ನೋಡಿ’ ಅಂತ ಒಂದು ಬಟನ್ ಸಾಕು. ಕ್ರೋಮ್‌ನ ಡೆವ್‌ಟೂಲ್ಸಲ್ಲಿ (ಬ್ರೌಸರಿನೊಳಗಿನ ಪರೀಕ್ಷಾ ಸಾಧನ) ನೆಟ್‌ವರ್ಕನ್ನು 3ಜಿಗೆ ಇಳಿಸಿ ನೋಡದೆ ಸೈಟನ್ನು ಯಾರ ಕೈಗೂ ಕೊಡಬೇಡಿ.

ನುಡಿಯದ್ದು ಫಾಂಟ್ ಸಮಸ್ಯೆ ಅಲ್ಲ. ಅದು ಹಳೆಯ ಆಸ್ಕಿ ಪಠ್ಯ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ್ದು. ವೆಬ್ಬಿಗೆ ಯೂನಿಕೋಡ್ ಬೇಕು, ಅದರಲ್ಲಿ ಕನ್ನಡಕ್ಕೆ ಅದರದ್ದೇ ಸಂಕೇತ ಇದೆ. ನುಡಿಯ ಪರಿವರ್ತಕದಲ್ಲೇ ಬದಲಾಯಿಸಬಹುದು. ಆಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತೆ, ಯೂನಿಕೋಡಿನಲ್ಲಿ ‘ರ್’ ಮುಂದೆ ಬರಬೇಕು. ಆ ಅದಲುಬದಲು ತಪ್ಪಿದರೆ ‘ತೀರ್ಥಹಳ್ಳಿ’ಯೇ ಕೆಟ್ಟುಹೋಗುತ್ತೆ, ಊರಿನ ಹೆಸರು ತಪ್ಪಿರುವ ಸೈಟನ್ನು ಯಾರು ನಂಬ್ತಾರೆ?

ಇನ್ನೊಬ್ಬರು: ಇದಕ್ಕೊಂದು ಸೇರಿಸ್ತೀನಿ. ಎಷ್ಟೋ ಥೀಮುಗಳಲ್ಲಿ (ಸೈಟಿನ ಸಿದ್ಧ ವಿನ್ಯಾಸ) ತಲೆಬರಹದ ಲೈನ್ ಹೈಟ್, ಅಂದರೆ ಅಕ್ಷರದ ಅಳತೆಗೆ ಹೋಲಿಸಿದ ಸಾಲಿನ ಎತ್ತರ, 1.2ರ ಆಸುಪಾಸು ಇರುತ್ತೆ, ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ ‘ಶಿವಮೊಗ್ಗ’ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ತಲೆಬರಹಕ್ಕೆ 1.5, ಪಠ್ಯಕ್ಕೆ 1.7 ಇಡಿ. ಫಾಂಟ್ ನೋಟೋ ಸಾನ್ಸ್ ಕನ್ನಡ, ಅದರಲ್ಲಿ ಅಕ್ಷರದ ದಪ್ಪದ ಬಗೆ (ವೆಯ್ಟ್) ಎರಡೇ ಸಾಕು.

ಮರುಪ್ರಶ್ನೆ: ಪ್ಲಗಿನ್ (ಸೈಟಿಗೆ ಸೇರಿಸುವ ಹೆಚ್ಚುವರಿ ಸೌಲಭ್ಯ) ಅಪ್‌ಡೇಟ್ ಮಾಡಿದ ಮೇಲೆ ಸೈಟ್ ಪೂರ್ತಿ ಬಿಳಿ ಆದರೆ? ಅಡ್ಮಿನ್‌ಗೂ ಹೋಗೋಕಾಗಲ್ಲ.

ಉತ್ತರ: ಹೋಸ್ಟಿಂಗ್‌ನ ಫೈಲ್ ಮ್ಯಾನೇಜರಲ್ಲಿ ಪ್ಲಗಿನ್ಸ್ ಫೋಲ್ಡರ್ ತೆರೆದು, ಕೊನೆಗೆ ಅಪ್‌ಡೇಟ್ ಮಾಡಿದ ಪ್ಲಗಿನ್ನಿನ ಫೋಲ್ಡರಿಗೆ ಬೇರೆ ಹೆಸರು ಕೊಡಿ. ಅದು ನಿಷ್ಕ್ರಿಯವಾಗುತ್ತೆ, ತೊಂದರೆ ಅದರದ್ದೇ ಆದರೆ ಸೈಟ್ ಎದ್ದು ಕೂರುತ್ತೆ. ಅದಕ್ಕೇ ಒಂದು ಸಲಕ್ಕೆ ಒಂದೇ ಪ್ಲಗಿನ್ ಅಪ್‌ಡೇಟ್ ಮಾಡಬೇಕು, ಯಾವುದು ಕೈಕೊಟ್ಟಿತು ಅಂತ ತಿಳಿಯೋಕೆ. ಅಪ್‌ಡೇಟಿಗೆ ಮುಂಚೆ ಫೈಲುಗಳು, ಡೇಟಾಬೇಸ್ ಎರಡರ ಬ್ಯಾಕಪ್ಪೂ ಇರಬೇಕು, ಅದೂ ಹೋಸ್ಟಿಂಗ್‌ನ ಹೊರಗೆ. ಮೂರು ತಿಂಗಳಿಗೊಮ್ಮೆ ಅದನ್ನು ಬೇರೆ ಕಡೆ ರಿಸ್ಟೋರ್ ಮಾಡಿ ನೋಡಿ. ಜೋಗಕ್ಕೆ ಜನ ಬರುವ ಮಳೆಗಾಲದಲ್ಲಿ ಶುಕ್ರವಾರ ಸಂಜೆ ಕೈ ಹಾಕಬೇಡಿ, ವಾರಾಂತ್ಯದ ಬುಕಿಂಗ್ ಬರೋದೇ ಆಗ. ಮಂಗಳವಾರ ಬೆಳಿಗ್ಗೆ ಮಾಡಿ, ಮುಗಿದ ಕೂಡಲೇ ನಿಮ್ಮದೇ ನಂಬರ್ ಕೊಟ್ಟು ವಿಚಾರಣೆ ಫಾರ್ಮ್ ತುಂಬಿ, ಮಾಲೀಕರ ಮೇಲ್‌ಗೆ ಬಂತಾ ಅಂತ ಫೋನ್ ಮಾಡಿ ಕೇಳಿ.